ಸರದ ಕೊನೆಯ ಗಂಟು

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಕಾಗದದ ಸಣ್ಣ ಪೊಟ್ಟಣಗಳಲ್ಲಿ ಹರಳುಗಳನ್ನು ಮಡಿಸಿಟ್ಟು, ಮೇಲೆ ತೂಕವನ್ನು ಬರೆದು, ದೂರದ ಪಟ್ಟಣಗಳಿಗೆ ಹೋಗಿ ಮಾರಿ ಬರುವವರು ಅಲ್ಲಿ ಬಹುಮಂದಿ. ಮನೆಯೊಳಗೆ ಉರ್ದು, ಶಾಲೆಯಲ್ಲಿ ಕನ್ನಡ; ಸಂತೆಗೆ ಹೋದರೆ ತೆಲುಗೂ ಬೇಕು. ಇಂತಹ ಊರಿನಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಪಂಡಿತರೊಬ್ಬರು ಇಪ್ಪತ್ತಾರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದರು. ನಿವೃತ್ತರಾದವರಿಗೆ ಏನಾದರೊಂದು ಹುಚ್ಚು ಹಿಡಿಯುವುದು ಲೋಕದಲ್ಲಿ ಸಹಜವೇ. ಇವರಿಗೆ ಹಿಡಿದ ಹುಚ್ಚು ಹೆಸರುಗಳದು. ತಾವು ಪಾಠ ಹೇಳಿದ ಮಕ್ಕಳೆಲ್ಲರ ಹೆಸರುಗಳನ್ನೂ ಇವರು ವರ್ಷವರ್ಷವೂ ಸ್ವಂತದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಪುಸ್ತಕಗಳಿಗೆ ಗೆದ್ದಲು ತಗುಲಿತು. ಇನ್ನು ತಡಮಾಡಿದರೆ ಹೆಸರುಗಳು ಹೋದಾವೆಂಬ ಭಯ ಅವರನ್ನು ಹಿಡಿಯಿತು.

ಈ ಕೆಲಸಕ್ಕೆ ದೊರೆತವನು ಅವರ ಹಳೆಯ ಶಿಷ್ಯನೊಬ್ಬನ ಮಗ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಓದುತ್ತಿದ್ದ ಹುಡುಗ. ಪಟ್ಟಿ ಮಾಡುವುದಕ್ಕೆ ಸಿದ್ಧ ತಂತ್ರಾಂಶಗಳು ಬೇಕಾದಷ್ಟಿವೆ. ಆದರೆ ಹುಡುಗನಿಗೆ ಸಿ ಭಾಷೆಯ ಪರೀಕ್ಷೆ ಹತ್ತಿರವಾಗಿದ್ದಿತು. "ಮೇಷ್ಟ್ರೇ, ಸಿ ಯಲ್ಲೇ ಬರೆದುಬಿಡ್ತೀನಿ, ನನಗೂ ಅಭ್ಯಾಸ ಆಗುತ್ತೆ" ಎಂದನು. ಮೇಷ್ಟರು ಒಪ್ಪಿದರು. ಒಪ್ಪಿದುದಕ್ಕೆ ಮುಂದೆ ಎರಡು ತಿಂಗಳು ದಂಡ ತೆತ್ತರೆಂದೇ ಹೇಳಬೇಕು.

ಸಿ ಎಂಬುದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬಾತನು 1972ರ ಸುಮಾರಿಗೆ ರೂಪಿಸಿದ ಗಣಕಭಾಷೆ. ರಿಚಿಯೂ ಬ್ರಯನ್ ಕರ್ನಿಘನ್ನನೂ ಸೇರಿ ಬರೆದ ಅದರ ಪಠ್ಯ 1978ರಲ್ಲಿ ಹೊರಬಂದಿತು. ಆ ಭಾಷೆಯಲ್ಲಿ ಪದಕ್ಕೆಂದು ಪ್ರತ್ಯೇಕವಾದ ಜಾತಿಯೇ ಇಲ್ಲ. ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಮನೆಗಳಲ್ಲಿ ಕುಳ್ಳಿರಿಸಿ, ಕೊನೆಯ ಮನೆಯಲ್ಲಿ ಸೊನ್ನೆಯನ್ನಿಟ್ಟರೆ ಅದೇ ಪದ. ಇದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಸರ ಎಂದರೆ ಚೆನ್ನಾಗಿ ಸಲ್ಲುತ್ತದೆ. ಮಣಿ ಪೋಣಿಸುವವರು ಕೊನೆಯಲ್ಲಿ ಗಂಟು ಹಾಕುವರಷ್ಟೆ. ಸೊನ್ನೆಯು ಆ ಗಂಟು. ಗಂಟನ್ನು ಯಾರೂ ಮಣಿಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಗಂಟಿಗೂ ಅಷ್ಟು ದಾರ ಬೇಕು.

ಇದನ್ನು ಕೇಳಿ ಪಂಡಿತರು ಬೆರಗಾಗಲಿಲ್ಲ. "ಇದು ಇತ್ ಅಲ್ಲವೇನಪ್ಪಾ?" ಎಂದರು. ಪಾಣಿನಿಯ ವ್ಯಾಕರಣಕ್ಕೆ ತಳಹದಿಯಾದ ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಪ್ರತಿಯೊಂದರ ಕೊನೆಗೂ ಒಂದು ವ್ಯಂಜನವಿದೆ. ಅದು ಎಲ್ಲೆಯನ್ನು ತೋರಿಸಲು ನಿಂತದ್ದೇ ಹೊರತು ಎಣಿಕೆಗೆ ಸೇರತಕ್ಕದ್ದಲ್ಲ. ಅಚ್ ಎಂದರೆ ಸ್ವರಗಳೆಲ್ಲ, ಹಲ್ ಎಂದರೆ ವ್ಯಂಜನಗಳೆಲ್ಲ. ಕೊನೆಯ ಗುರುತು ತನ್ನ ಕೆಲಸ ಮುಗಿಸಿ ಲೋಪವಾಗುತ್ತದೆ. ಆ ಗುರುತುಗಳಲ್ಲಿ ಣಕಾರವು ಎರಡು ಕಡೆ ಬಂದಿರುವುದರಿಂದ, ಎಲ್ಲಿ ಯಾವ ಣಕಾರವನ್ನು ಹಿಡಿಯಬೇಕೆಂದು ವ್ಯಾಖ್ಯಾನಕಾರರು ಎಷ್ಟು ವಿಚಾರಮಾಡಿದ್ದಾರೆಂಬುದನ್ನು ಪಾಠಶಾಲೆಯಲ್ಲಿ ಕುಳಿತವರು ಮರೆಯಲಾರರು. ಆದುದರಿಂದ ಪಂಡಿತರು ಕೇಳಿದ ಮೊದಲ ಪ್ರಶ್ನೆ ಅದೇ: ಈ ಸೊನ್ನೆಯು ಅಕ್ಷರದ ಹೊಟ್ಟೆಯೊಳಗೂ ಬಂದೀತೆ? ಬಾರದು ಎಂದನು ಹುಡುಗ. ಅದಕ್ಕೆ ಕಾರಣರಾದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಇವರಿಬ್ಬರೂ 1992ರ ಸೆಪ್ಟೆಂಬರಿನಲ್ಲಿ ನ್ಯೂಜರ್ಸಿಯ ಒಂದು ಊಟದ ಅಂಗಡಿಯಲ್ಲಿ, ಮೇಜಿನ ಮೇಲೆ ಹಾಸಿದ್ದ ಕಾಗದದ ಮೇಲೆಯೇ ಯುಟಿಎಫ್-8 ಎಂಬ ಕ್ರಮದ ರೂಪರೇಖೆಯನ್ನು ಬರೆದರಂತೆ. ಲೋಕದ ಲಿಪಿಗಳೆಲ್ಲವೂ ಅದರಲ್ಲಿ ಅಡಗುತ್ತವೆ. ಆದರೂ ಎಲ್ಲೆಯ ಸೊನ್ನೆಯು ಯಾವ ಅಕ್ಷರದೊಳಗೂ ನುಸುಳುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. ಹೀಗಾಗಿ ಕನ್ನಡದ ಸರಗಳನ್ನೂ ಸಿ ಭಾಷೆಯು ತಕರಾರಿಲ್ಲದೆ ಹೊರುತ್ತದೆ.

ಹೊರುತ್ತದೆ, ನಿಜ, ಭಾರವೆಷ್ಟೆಂಬುದನ್ನು ಮಾತ್ರ ಹೇಳುವುದಿಲ್ಲ. ಹುಡುಗನು ಒಂದೊಂದು ಹೆಸರಿಗೂ 20 ಮನೆಗಳಂತೆ ಸಾಲುಮನೆಗಳನ್ನು ಕಟ್ಟಿದನು. ಪರೀಕ್ಷೆಗೆಂದು ತನ್ನ ಊರಿನ ಹೆಸರನ್ನೇ ಬರೆದನು. ಅಲೀಪುರ ಎಂದರೆ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರವನ್ನು ಕೇಳಿದರೆ ಉದ್ದ 18 ಎಂದಿತು. ಮೇಷ್ಟರು ನಕ್ಕು, "ಇದಕ್ಕೆ ಎಣಿಸೋದಕ್ಕೆ ಬರೋದಿಲ್ಲವೇ?" ಎಂದರು. ಎಣಿಕೆ ಸರಿಯಾಗಿಯೇ ಇದ್ದಿತು. ಯಂತ್ರಕ್ಕೆ ಲೀ ಎಂಬುದು ಒಂದಲ್ಲ, ಲಕಾರ ಮತ್ತು ಈಕಾರದ ಚಿಹ್ನೆ ಎಂದು ಎರಡು. ಪು ಕೂಡ ಎರಡು. ಅಂತೂ ಆರು. ಕನ್ನಡದ ಒಂದೊಂದಕ್ಕೂ ಮೂರು ಬೈಟು, ಅಂದರೆ ಮೂರು ಮನೆ. ಗಂಟೂ ಸೇರಿ 19. ಇಪ್ಪತ್ತರಲ್ಲಿ ಒಂದು ಮನೆ ಇನ್ನೂ ಉಳಿದೇ ಇದ್ದಿತು. ಹುಡುಗನಿಗೆ ಧೈರ್ಯ ಬಂದಿತು. ಸಾವಿರಕ್ಕೂ ಹೆಚ್ಚಿನ ಹೆಸರುಗಳನ್ನು ತುಂಬಿ ಅಚ್ಚು ತೆಗೆದನು.

ಅವನ ಅಜ್ಜಿಗೆ ಕನ್ನಡ ಓದಲು ಬಾರದು, ಉರ್ದು ಬಲ್ಲವರು. ಅವರ ಕಿರಿಯ ಮಗನೂ ಮೇಷ್ಟರ ಶಿಷ್ಯನೇ. ಇಪ್ಪತ್ತು ತುಂಬುವ ಮೊದಲೇ ಜ್ವರದಲ್ಲಿ ತೀರಿಹೋದವನು. ಪಟ್ಟಿ ಮನೆಗೆ ಬಂದ ದಿನ ಆಕೆ ಮೊಮ್ಮಗನನ್ನು ಕೂರಿಸಿಕೊಂಡು, ನಿನ್ನ ಚಾಚಾನ ಹೆಸರನ್ನು ಓದು ಎಂದರು. ಹುಡುಗನು ಬೆರಳಿಟ್ಟು ಹುಡುಕಿದನು. ಸಿಕ್ಕಿತು. ಆದರೆ ಹೆಸರು ಮುಗಿದಿರಲಿಲ್ಲ. ಅರ್ಧಕ್ಕೆ ತುಂಡಾಗಿ, ಪ್ರಶ್ನಾರ್ಥಕದಂತಹ ಒಂದು ವಿಕಾರ ಚಿಹ್ನೆಯಾಗಿ, ಹಾಜರಿಯಲ್ಲಿ ಮುಂದಿದ್ದ ಹುಡುಗನ ಹೆಸರಿನೊಳಕ್ಕೆ ಹರಿದುಹೋಗಿದ್ದಿತು. ಅವನು ಸರಿಪಡಿಸಿಕೊಂಡು ಬಾಯಿಂದ ಓದಿಬಿಡಬಹುದಾಗಿತ್ತು. ಓದಲಿಲ್ಲ, ತಪ್ಪಾಗಿದೆ, ಇನ್ನೊಮ್ಮೆ ತರುತ್ತೇನೆ ಎಂದು ಕಾಗದವನ್ನು ಮಡಿಸಿದನು. ತಪ್ಪೇನೆಂದು ಆಕೆ ಕೇಳಿದಾಗ, ಮುಂದಿನವನ ಹೆಸರು ಇದಕ್ಕೆ ಅಂಟಿಕೊಂಡಿದೆ ಎಂದು ಹೇಳಿದನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಿಬ್ಬರೂ ಇದ್ದದ್ದೇ ಹಾಗೆ ಎಂದರಂತೆ.

ಮೇಷ್ಟರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹೆಸರು ಉಳಿಯಲೆಂದು ತೊಡಗಿದ ಕೆಲಸ. ಗೆದ್ದಲು ಮಾಡದಿದ್ದುದನ್ನು ಇದು ಮಾಡಿದ್ದಿತು.

ಮರುದಿನ ಇಬ್ಬರೂ ಕುಳಿತು ಜಿಲ್ಲೆಯ ಹೆಸರುಗಳನ್ನೇ ಅಳೆದು ನೋಡಿದರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಇದ್ದ ಆರು ತಾಲ್ಲೂಕುಗಳಲ್ಲಿ ಒಂದಾದರೂ 20 ಮನೆಗಳಲ್ಲಿ ಹಿಡಿಸುವುದಿಲ್ಲ! ಚಿಂತಾಮಣಿಗೂ ಗುಡಿಬಂಡೆಗೂ ಗಂಟು ಸೇರಿ 25 ಮನೆ ಬೇಕು. ಶಿಡ್ಲಘಟ್ಟಕ್ಕೂ ಬಾಗೇಪಲ್ಲಿಗೂ 28. ಗೌರಿಬಿದನೂರಿಗೆ 34. ಚಿಕ್ಕಬಳ್ಳಾಪುರಕ್ಕೆ 40, ಅಲ್ಲಿ ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಹಲಂತದ ಗುರುತಿಗೂ ಮೂರು ಮೂರು ಮನೆ ಸಲ್ಲುತ್ತದೆ. ಹಿಡಿಸುವುದು ಅಲೀಪುರವೊಂದೇ. ತನ್ನೂರನ್ನು ಅಳತೆಗೋಲಾಗಿ ಹಿಡಿದುದೇ ಮೋಸವಾಯಿತು. ಹಳೆಯ ಕನ್ನಡ ತಂತ್ರಾಂಶಗಳ ಅಕ್ಷರರೂಪಗಳಲ್ಲಿ ತುಣುಕಿಗೊಂದು ಮನೆ ಸಾಕಾಗುತ್ತಿದ್ದಿತು. ಇಂಗ್ಲಿಷಿಗೆ ಇಂದಿಗೂ ಅಕ್ಷರಕ್ಕೊಂದೇ ಸಾಕು. ಪಠ್ಯಗಳಲ್ಲಿ ಕಾಣುವ ಇಪ್ಪತ್ತರ ಲೆಕ್ಕ ಆ ಇಂಗ್ಲಿಷಿನ ಲೆಕ್ಕ.

ಅಂಟಿಕೊಂಡದ್ದೇಕೆ? ಹುಡುಗನು ಬಳಸಿದ ಸ್ಟ್ರ್‌ಎನ್‌ಕಾಪಿ ಎಂಬ ಅಪ್ಪಣೆಯು 20 ಮನೆಗಳಿಗಿಂತ ಆಚೆಗೆ ಬರೆಯುವುದಿಲ್ಲ. ಅಷ್ಟು ಸಭ್ಯತೆ ಅದಕ್ಕಿದೆ. ಆದರೆ ಹೆಸರು ಉದ್ದವಾದರೆ ಗಂಟನ್ನೂ ಹಾಕುವುದಿಲ್ಲ. ಅದು ಹುಟ್ಟಿದ್ದೇ ಬೇರೊಂದು ಕೆಲಸಕ್ಕೆ: ಪ್ರಾಚೀನ ಯೂನಿಕ್ಸಿನಲ್ಲಿ ಕಡತದ ಹೆಸರಿಗೆ 14 ಮನೆಗಳ ಕಟ್ಟಾದ ಅಳತೆಯಿದ್ದಿತು, ಅದು ತುಂಬಿದರೆ ಗಂಟಿನ ಅವಶ್ಯಕತೆಯಿಲ್ಲ. ಇಲ್ಲಿಯಾದರೋ ಚಿಂತಾಮಣಿಯನ್ನು ಹಾಕಿದರೆ 'ಚಿಂತಾಮ' ಎಂಬಲ್ಲಿಗೆ 18 ಮನೆ ತುಂಬಿ, ಮಿಕ್ಕ ಎರಡರಲ್ಲಿ ಣಕಾರದ ಮೂರರಲ್ಲೆರಡು ಪಾಲು ಕುಳಿತು, ಗಂಟಿಗೆ ಎಡೆಯೇ ಇಲ್ಲ. ಓದುವ ಯಂತ್ರವು ಸೊನ್ನೆ ಸಿಕ್ಕುವವರೆಗೂ ಓದುತ್ತಲೇ ಹೋಗುತ್ತದೆ. ಸಾಲುಮನೆಗಳಿಗೆ ನಡುಗೋಡೆಯಿಲ್ಲವಾಗಿ ನೆರೆಯವನ ಹೆಸರೂ ಇವನದೇ ಆಗುತ್ತದೆ. ಇತ್ ಸಂಜ್ಞೆಯನ್ನು ಶಿಷ್ಯನು ಮರೆತರೆ ಗುರು ಗದರಿಸಿ ನಿಲ್ಲಿಸುತ್ತಾನೆ. ಇಲ್ಲಿ ಗದರಿಸುವವರಾರೂ ಇಲ್ಲ.

ಇದು ಕೇವಲ ಹಳ್ಳಿಯ ಪಟ್ಟಿಯ ವಿಚಾರವೆಂದು ವಾಚಕರು ತಿಳಿಯಬಾರದು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಸಾವಿರಾರು ಗಣಕಗಳನ್ನು ಕೆಡಿಸಿದ ಮಾರಿಸ್ ಹುಳುವು ಒಳನುಗ್ಗಿದ ದಾರಿಗಳಲ್ಲಿ ಒಂದು ಇಂತಹುದೇ: ಗೆಟ್ಸ್ ಎಂಬ ಅಪ್ಪಣೆಯು 512 ಬೈಟುಗಳ ಸ್ಥಳಕ್ಕೆ ಬಂದ 536 ಬೈಟುಗಳನ್ನು ಅಳೆಯದೆ ನುಂಗಿತು. ಆ ಗೆಟ್ಸನ್ನು 2011ರ ಪ್ರಮಾಣಗ್ರಂಥದಲ್ಲಿ ಭಾಷೆಯಿಂದಲೇ ತೆಗೆದುಹಾಕಿದರು. ಇಪ್ಪತ್ತಮೂರು ವರ್ಷ ಬೇಕಾಯಿತು!

ಇನ್ನು ಮನೆಗಳನ್ನು ನೂರಕ್ಕೆ ಏರಿಸಿದರಾಯಿತಲ್ಲ ಎಂದರೆ, ಚಿಕ್ಕ ಹೆಸರಿನವರಿಗೆ ಬಯಲು ಬಂಗಲೆ ಕಟ್ಟಿದಂತಾಗುತ್ತದೆ. ನೂರೊಂದು ಮನೆ ಬೇಕೆನ್ನುವವನು ಬರುವುದಿಲ್ಲವೆಂದೂ ಹೇಳುವಂತಿಲ್ಲ. ಉಪಾಯವು ಅಲೀಪುರದ ವರ್ತಕರ ಪೆಟ್ಟಿಗೆಯಲ್ಲೇ ಇದ್ದಿತು. ಹರಳಿನ ಗಾತ್ರಕ್ಕೆ ತಕ್ಕ ಪೊಟ್ಟಣ. ಪೊಟ್ಟಣ ಎಲ್ಲಿದೆಯೆಂದು ಹೇಳುವ ಒಂದು ಚೀಟಿ. ಸಿ ಭಾಷೆಯಲ್ಲಿ ಚೀಟಿಗೆ ಪಾಯಿಂಟರ್ ಎಂದು ಹೆಸರು. ಹೆಸರನ್ನು ಮೊದಲು ಅಳೆದು, ಗಂಟಿಗೆ ಒಂದು ಮನೆ ಕೂಡಿಸಿ, ಅಷ್ಟು ಸ್ಥಳವನ್ನು ಮ್ಯಾಲಾಕ್ ಎಂಬ ಅಪ್ಪಣೆಯಿಂದ ಯಂತ್ರದ ಬಳಿ ಸಾಲವಾಗಿ ಪಡೆಯುವುದು. ಹೆಸರನ್ನು ಅಲ್ಲಿ ನಕಲು ಮಾಡಿ, ಅದರ ವಿಳಾಸದ ಚೀಟಿಯನ್ನು ಪೆಟ್ಟಿಗೆಯಲ್ಲಿಡುವುದು. ಚೀಟಿಪೆಟ್ಟಿಗೆ ತುಂಬಿದರೆ ರಿಯಲಾಕ್‌ನಿಂದ ಎರಡರಷ್ಟು ದೊಡ್ಡ ಪೆಟ್ಟಿಗೆಯನ್ನು ಪಡೆಯಬಹುದು.

ಕೇಳಲು ಸುಲಭ. ಹುಡುಗನ ಎರಡನೆಯ ಪ್ರಯತ್ನದಲ್ಲಿ ಸಾವಿರ ಸಾಲುಗಳಲ್ಲಿಯೂ ಒಂದೇ ಹೆಸರು ಅಚ್ಚಾಯಿತು. ಪಟ್ಟಿಯ ಕಟ್ಟಕಡೆಯ ಹುಡುಗಿಯದು. ಊರಿಗೆಲ್ಲ ಅವಳೊಬ್ಬಳೇ ವಿದ್ಯಾರ್ಥಿನಿ! ಆದದ್ದಿಷ್ಟೆ: ಒಂದೊಂದು ಹೆಸರನ್ನೂ ಒಂದೇ ಸ್ಲೇಟಿನ ಮೇಲೆ ಬರೆದು, ಅಳಿಸಿ, ಮುಂದಿನದನ್ನು ಬರೆದಿದ್ದನು. ಚೀಟಿಗಳಲ್ಲೆಲ್ಲ ಆ ಸ್ಲೇಟಿನ ವಿಳಾಸವೇ ಇದ್ದಿತು. ಪೊಟ್ಟಣ ಕಟ್ಟುವುದನ್ನೇ ಮರೆತಿದ್ದನು. ಮೇಷ್ಟರು ಮನಸಾರೆ ನಕ್ಕರು. ಸ್ಲೇಟಿನ ವಿಷಯವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮೂರನೆಯ ಬಾರಿ ಸರಿಯಾಯಿತು. ಆಗ ಪಂಡಿತರಿಗೆ ವರ್ಣಮಾಲೆಯ ಕ್ರಮದಲ್ಲಿಯೂ ಒಂದು ಪಟ್ಟಿ ಬೇಕೆನಿಸಿತು. ಹಾಜರಿಯ ಕ್ರಮವೂ ಹೋಗಕೂಡದು. ಪೊಟ್ಟಣಗಳನ್ನು ಅಲುಗಿಸದೆ ಚೀಟಿಗಳ ಇನ್ನೊಂದು ಪೆಟ್ಟಿಗೆಯನ್ನು ಮಾಡಿ, ಆ ಚೀಟಿಗಳನ್ನಷ್ಟೇ ಕ್ರಮಪಡಿಸಿದರು. ಯೂನಿಕೋಡಿನಲ್ಲಿ ಕನ್ನಡದ ಅಂಕಗಳು ಬಹುಮಟ್ಟಿಗೆ ವರ್ಣಮಾಲೆಯ ಕ್ರಮದಲ್ಲಿಯೇ ಇರುವುದರಿಂದ ಬೈಟುಗಳನ್ನು ಹೋಲಿಸಿದರೂ ಗುಡಿಬಂಡೆಯ ಬಳಿಕ ಗೌರಿಬಿದನೂರು, ಚಿಂತಾಮಣಿಯ ಬಳಿಕ ಚಿಕ್ಕಬಳ್ಳಾಪುರ ಬರುತ್ತವೆ. ಒಂದು ತೊಡಕು ಮಾತ್ರ ಅನಿರೀಕ್ಷಿತವಾಗಿ ಬಂದಿತು. ಲೀ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ದೀರ್ಘದ ಒಂದೇ ಚಿಹ್ನೆಯಿಂದ, ಇಲ್ಲವೆ ಹ್ರಸ್ವದ ಗುಡಿಸಿನ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಇಟ್ಟು. ಎರಡು ಕಡೆ ಬೆರಳಚ್ಚಾದ ಅಲೀಪುರವು ಒಂದೆಡೆ 18, ಇನ್ನೊಂದೆಡೆ 21 ಬೈಟು. ಕಣ್ಣಿಗೆ ಒಂದೇ ಊರು, ಯಂತ್ರಕ್ಕೆ ಎರಡು. ಎಲ್ಲವನ್ನೂ ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕೆಂಬುದನ್ನು ಹುಡುಗನು ಹೀಗೆ ಕಲಿತನು.

ಸಾಲ ತೀರಿಸುವುದಕ್ಕೂ ಕ್ರಮವಿದೆ. ಮೊದಲು ಒಂದೊಂದೇ ಪೊಟ್ಟಣದ ಸ್ಥಳವನ್ನು ಫ್ರೀ ಎಂಬ ಅಪ್ಪಣೆಯಿಂದ ಹಿಂದಿರುಗಿಸಬೇಕು, ಬಳಿಕ ಪೆಟ್ಟಿಗೆಯನ್ನು. ಪೆಟ್ಟಿಗೆಯನ್ನು ಮೊದಲೇ ಕೊಟ್ಟರೆ ಪೊಟ್ಟಣಗಳೆಲ್ಲಿವೆಯೆಂದು ಹೇಳುವವರೇ ಇಲ್ಲ. ಒಂದೇ ಪೊಟ್ಟಣಕ್ಕೆ ಈಗ ಎರಡು ಪೆಟ್ಟಿಗೆಗಳಲ್ಲಿ ಚೀಟಿಗಳಿದ್ದುವು. ಎರಡನ್ನೂ ನೋಡಿ ಎರಡು ಸಲ ಹಿಂದಿರುಗಿಸಿದರೆ ಯಂತ್ರದ ಲೆಕ್ಕವೇ ಕೆಡುತ್ತದೆ. "ಯಾವ ಪೆಟ್ಟಿಗೆಯವನು ಯಜಮಾನ ಅಂತ ಮೊದಲೇ ಗೊತ್ತುಮಾಡಿಕೋ" ಎಂದರು ಮೇಷ್ಟರು. ಹಾಜರಿಯ ಪೆಟ್ಟಿಗೆಗೆ ಯಜಮಾನಿಕೆ ಸಂದಿತು.

ಹೊಸ ಪಟ್ಟಿಯನ್ನು ಹುಡುಗನು ಮನೆಗೆ ಕೊಂಡೊಯ್ದ ಸಂಜೆ ಮೇಷ್ಟರೂ ಜೊತೆಗೆ ಹೋದರು. ಅಜ್ಜಿ ಬಾಗಿಲ ಬಳಿ ಕುಳಿತಿದ್ದರು. ಹುಡುಗನು ವರ್ಣಮಾಲೆಯ ಪಟ್ಟಿಯನ್ನು ತೆರೆಯಹೋದಾಗ ಮೇಷ್ಟರು ಬೇಡವೆಂದು ಸನ್ನೆಮಾಡಿ ಹಾಜರಿಯ ಪಟ್ಟಿಯನ್ನು ಮುಂದಿಟ್ಟರು. ಅವನು ಚಾಚಾನ ಹೆಸರನ್ನು ಓದಿದನು. ಮೊದಲಿನಿಂದ ಕೊನೆಯವರೆಗೆ ಓದಿ ನಿಲ್ಲಿಸಿದನು. ಆಕೆ ಇನ್ನೊಮ್ಮೆ ಓದಿಸಿದರು. ಆಮೇಲೆ ಸೆರಗನ್ನು ಸರಿಪಡಿಸಿಕೊಂಡು, ಮುಂದಿನವನ ಹೆಸರನ್ನೂ ಓದು ಎಂದರು.