ವಿದ್ಯಾಗಿರಿಯ ಏರಿನಲ್ಲಿ ಒಂದು ಸಂಜೆ

ಬಾಗಲಕೋಟೆಯಲ್ಲಿ ಇಳಿದ ಪ್ರವಾಸಿಗರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಾದಾಮಿಯ ಗುಹೆಗಳು, ಐಹೊಳೆ, ಪಟ್ಟದಕಲ್ಲುಗಳು ಅವರನ್ನು ಕೈಬೀಸಿ ಕರೆಯುತ್ತಿರುತ್ತವೆ. ಮನೆಯ ಹೆಂಗಸರು ಜೊತೆಗಿದ್ದರಂತೂ ಇಳಕಲ್ಲಿನ ಸೀರೆಯ ಅಂಗಡಿಗಳಿಗೆ ಹೋಗದೆ ವಿಧಿಯಿಲ್ಲ. ನಾನೂ ಹಿಂದೆ ಎರಡು ಬಾರಿ ಹಾಗೆಯೇ ಹಾದುಹೋದವನು. ಈ ಸಲ ಮಾತ್ರ ಗೆಳೆಯರೊಬ್ಬರ ಮನೆಯ ಕಾರ್ಯಕ್ಕೆಂದು ಬಂದು, ಮೂರು ದಿನ ವಿದ್ಯಾಗಿರಿಯಲ್ಲಿ ಉಳಿಯುವ ಯೋಗ ಒದಗಿತು.

ವಿದ್ಯಾಗಿರಿ ಹೆಸರಿಗೆ ತಕ್ಕ ಊರು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು ಇಲ್ಲಿ ಒತ್ತಾಗಿ ನೆಲೆಸಿವೆ. ಇಂಜಿನಿಯರಿಂಗ್ ಕಾಲೇಜು 1963ರಷ್ಟು ಹಿಂದಿನದು. ಸಂಜೆಯಾದರೆ ರಸ್ತೆಯ ತುಂಬ ವಿದ್ಯಾರ್ಥಿಗಳು, ಚಹದಂಗಡಿಗಳ ಮುಂದೆ ಗುಂಪುಗುಂಪಾಗಿ ಹರಟೆ, ಗಿರಮಿಟ್ಟು, ಮಿರ್ಚಿ ಭಜಿಗಳ ಪರಿಮಳ. ಒಂದು ಕಡೆಗೆ ಹೊರಟರೆ ನವನಗರ. ಅಲ್ಲಿ ಬೀದಿಗಳು ನೇರ, ವಿಳಾಸವೆಲ್ಲ ಸೆಕ್ಟರ್ ಸಂಖ್ಯೆಗಳಲ್ಲಿ. ಅದರ ನಕ್ಷೆಯನ್ನು ರೂಪಿಸಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು. ಇನ್ನೊಂದು ಕಡೆಗೆ ಹೊರಟರೆ ಹಳೆಯ ಬಾಗಲಕೋಟೆ, ಅಂದರೆ ಅದರಲ್ಲಿ ಉಳಿದಿರುವಷ್ಟು. ನಡುವೆ ಕಣ್ಣಿಗೆ ಬೀಳುವುದು ಆಲಮಟ್ಟಿಯ ಹಿನ್ನೀರು.

ಆಲಮಟ್ಟಿ ಅಣೆಕಟ್ಟಿನ ಅಡಿಗಲ್ಲನ್ನು ಲಾಲ್ ಬಹಾದೂರ್ ಶಾಸ್ತ್ರಿಯವರು ಇಟ್ಟದ್ದು 1964ರ ಮೇ 22ರಂದು. ಕೃಷ್ಣೆಗೆ ಕಟ್ಟಿದ ಆ ಕಟ್ಟೆಯ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಬಂದು, ಸಮುದ್ರಮಟ್ಟದಿಂದ 519.6 ಮೀಟರಿನವರೆಗೆ ಏರಿ, ಹಳೆಯ ಊರಿನ ತಗ್ಗಿನ ಓಣಿಗಳನ್ನೂ ಸುತ್ತಲಿನ ಎಷ್ಟೋ ಹಳ್ಳಿಗಳನ್ನೂ ನುಂಗಿತು. ‘ಮುಳುಗಡೆ’ ಎಂಬುದು ಈ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಬರುವ ಶಬ್ದ.

ಎರಡನೆಯ ಸಂಜೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ನೀರನ್ನು ನೋಡುತ್ತಿದ್ದಾಗ, ನಿವೃತ್ತ ಶಿಕ್ಷಕರೊಬ್ಬರು ಜೊತೆಗೂಡಿದರು. ಬಿಳಿಯ ಧೋತರ, ತಲೆಗೆ ಟೋಪಿ, ಕೈಯಲ್ಲಿ ಮಡಿಚಿದ ವೃತ್ತಪತ್ರಿಕೆ. ಕಾಲೇಜಿನಲ್ಲಿ ಓದುವ ಮೊಮ್ಮಗಳು ಹೊರಬರುವುದನ್ನು ಕಾಯುತ್ತಿದ್ದರು.

“ನಮ್ಮ ಹಳ್ಳಿ ಆ ಕಡೀಗೆ ಇತ್ರಿ,” ಎಂದು ನೀರಿನತ್ತ ಕೈ ತೋರಿದರು. “ನೋಟಿಸು ಬಂತು, ಅಳತಿ ಆತು, ರೊಕ್ಕಾ ಬಂತು. ನಮ್ಮನ್ನ ಯಾರೂ ಕೇಳಲಿಲ್ಲ ಅಂತಲ್ಲ, ಕೇಳಿದರು. ಆದರ ಕೇಳಿದ್ದು ಎಷ್ಟು ಚದರಡಿ ಅಂತ ಅಷ್ಟ.”

ಆ ಹಣದಿಂದ ಅವರು ಹಳೆಯ ಬಾಗಲಕೋಟೆಯ ಎತ್ತರದ ಭಾಗದಲ್ಲಿ ಮನೆ ಮಾಡಿಕೊಂಡರು. ಈಗ ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ನಡೆದಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಆ ತೀರ್ಪು 2025 ಮುಗಿಯುವವರೆಗೂ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಗಿರಲಿಲ್ಲ. ಪ್ರಕಟವಾಗಿ ನೀರು ಏರಿದರೆ ಮೇಷ್ಟರ ಎರಡನೆಯ ಮನೆಗೂ ಮುಳುಗಡೆಯ ಸರದಿ. ಅವರು ಪತ್ರಿಕೆಯನ್ನು ತೊಡೆಯ ಮೇಲಿಟ್ಟು ಕೇಳಿದರು: “ದಿಲ್ಲಿಯೊಳಗ ಈ ಕಾಯ್ದೆ ಮಾಡೋ ಮುಂದ ಯಾರರೆ ಕುಂತು ಸಾವಕಾಶ ವಿಚಾರ ಮಾಡ್ತಾರೇನ್ರಿ? ಟೀವಿಯೊಳಗ ನೋಡಿದರ ಬರೇ ಗದ್ದಲ.”

ಪ್ರಶ್ನೆ ನ್ಯಾಯವಾದುದು. ಬಲ್ಲಷ್ಟನ್ನು ಹೇಳಿದೆ, ಓದುಗರಿಗೂ ಅದನ್ನೇ ನಿವೇದಿಸುತ್ತೇನೆ.

ಗದ್ದಲ ನಡೆಯುವುದು ಸದನದಲ್ಲಿ. ವಿಚಾರ ನಡೆಯುವ ಸ್ಥಳ ಬೇರೆ. ಅದು ಸಮಿತಿಯ ಕೋಣೆ. 1993ರಿಂದ ನಮ್ಮ ಸಂಸತ್ತಿನಲ್ಲಿ ಇಲಾಖೆಗಳಿಗೆ ಸಂಬಂಧಪಟ್ಟ ಸ್ಥಾಯೀ ಸಮಿತಿಗಳಿವೆ. ಮೊದಲು 17 ಇದ್ದವು, 2004ರಿಂದ 24. ಒಂದೊಂದರಲ್ಲೂ 31 ಮಂದಿ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳಾದವರಿಗೆ ಇಲ್ಲಿ ಸ್ಥಾನವಿಲ್ಲ. ಪತ್ರಿಕೆಯವರಿಗೆ ಪ್ರವೇಶವಿಲ್ಲ, ಕ್ಯಾಮರಾ ಇಲ್ಲ, ಪಕ್ಷದ ವಿಪ್ ಕೂಡ ಇಲ್ಲಿ ನಡೆಯುವುದಿಲ್ಲ. ಗ್ಯಾಲರಿಯೇ ಇಲ್ಲದ ಮೇಲೆ ಗ್ಯಾಲರಿಗಾಗಿ ಗರ್ಜಿಸುವವರು ಯಾರು? ಇಲಾಖೆಯ ಕಾರ್ಯದರ್ಶಿಗಳು ಕಡತ ಹಿಡಿದು ಬಂದು ಕೂರುತ್ತಾರೆ. ಈ ಮಾತನ್ನು ಏಕೆ ಸೇರಿಸಿದಿರಿ, ಆ ಮಾತನ್ನು ಏಕೆ ಬಿಟ್ಟಿರಿ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಉತ್ತರ ಸಾಲದಿದ್ದರೆ ಲಿಖಿತವಾಗಿ ಕೊಡಬೇಕು. ಮಸೂದೆಯ ಬಗ್ಗೆ ಸಾರ್ವಜನಿಕರಿಂದ ಮನವಿಗಳನ್ನು ಕರೆಯುವುದುಂಟು. ರೈತಸಂಘದವರು, ಕಾಯ್ದೆ ಬಲ್ಲವರು, ಉದ್ಯಮಿಗಳು ಸಾಕ್ಷ್ಯ ಹೇಳುವುದುಂಟು. ಬಳಿಕ ಮಸೂದೆಯನ್ನು ಕಲಮು ಕಲಮಾಗಿ ಬಿಡಿಸಿ ನೋಡಿ ವರದಿ ಒಪ್ಪಿಸುತ್ತಾರೆ. ಒಪ್ಪದ ಸದಸ್ಯನ ಭಿನ್ನಾಭಿಪ್ರಾಯವೂ ವರದಿಯ ಬೆನ್ನಿಗೇ ಅಚ್ಚಾಗುತ್ತದೆ. ಆ ವರದಿ ಸರಕಾರವನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ತಿರಸ್ಕರಿಸುವುದಾದರೆ ಕಾರಣ ಹೇಳಬೇಕಾದ ಮುಜುಗರವನ್ನಂತೂ ತಂದಿಡುತ್ತದೆ.

ಮೇಷ್ಟರ ಹಳ್ಳಿ ಮುಳುಗಿದ್ದು 1894ರ ಭೂಸ್ವಾಧೀನ ಕಾಯ್ದೆಯ ಕೆಳಗೆ. ಸಾಮಾನ್ಯ ಪ್ರಜೆ ಮತ ಹಾಕಿ ಕಳುಹಿಸಿದ ಒಬ್ಬ ಸದಸ್ಯನೂ ಇರದಿದ್ದ ಸಭೆ ಮಾಡಿದ ಕಾಯ್ದೆ ಅದು. ಜಮೀನಿಗೆ ಬೆಲೆ ಕಟ್ಟುವುದು ಅದಕ್ಕೆ ಗೊತ್ತಿತ್ತು. ಮನೆಮಠ ಕಳೆದುಕೊಂಡವನು ಮುಂದೆ ಎಲ್ಲಿ ಬಾಳಬೇಕೆಂಬ ಮಾತೇ ಅದರಲ್ಲಿರಲಿಲ್ಲ. ನವನಗರದಂಥ ಪುನರ್ವಸತಿ ಬಂದದ್ದು ಸರಕಾರದ ಆದೇಶ, ಯೋಜನೆಗಳ ಬಲದಿಂದಲೇ ಹೊರತು ಆ ಕಾಯ್ದೆಯ ಹಕ್ಕಾಗಿ ಅಲ್ಲ. ಬದಲಿಸಲು 2007ರಲ್ಲಿ ಬಂದ ಮಸೂದೆ ಲೋಕಸಭೆಯನ್ನು ದಾಟಿಯೂ 2009ರ ಚುನಾವಣೆಯ ಹೊತ್ತಿಗೆ ಬಿದ್ದುಹೋಯಿತು.

2011ರ ಸೆಪ್ಟೆಂಬರಿನಲ್ಲಿ ಇನ್ನೊಂದು ಮಸೂದೆಯನ್ನು ಮಂಡಿಸಿದವರು ಅಂದಿನ ಗ್ರಾಮೀಣಾಭಿವೃದ್ಧಿ ಮಂತ್ರಿ ಜೈರಾಮ್ ರಮೇಶ್. ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಅದು ಗ್ರಾಮೀಣಾಭಿವೃದ್ಧಿಯ ಸ್ಥಾಯೀ ಸಮಿತಿಗೆ ಹೋಯಿತು. ಅಧ್ಯಕ್ಷತೆ ಎದುರು ಪಕ್ಷದ ಸುಮಿತ್ರಾ ಮಹಾಜನ್ ಅವರದು. ಸುಮಾರು ಎಂಟು ತಿಂಗಳ ಬಳಿಕ, 2012ರ ಮೇ ತಿಂಗಳಲ್ಲಿ ಬಂದ ವರದಿ ಸರಕಾರಕ್ಕೆ ಸಿಹಿಯಾಗಿರಲಿಲ್ಲ. ಖಾಸಗಿ ಕಂಪನಿಗಳ ಸಲುವಾಗಿ ಸರಕಾರ ರೈತನ ಭೂಮಿಯನ್ನು ಕಿತ್ತುಕೊಡುವುದೇ ಬೇಡ ಎಂದಿತು. ರೈಲ್ವೆ, ಹೆದ್ದಾರಿ ಮೊದಲಾದ 16 ಕಾಯ್ದೆಗಳನ್ನು ಮಸೂದೆಯ ಹೊರಗಿಟ್ಟದ್ದನ್ನು ಆಕ್ಷೇಪಿಸಿತು. ರೈಲಿಗೆ ಹೋದ ಹೊಲಕ್ಕೂ ಕಾಲುವೆಗೆ ಹೋದ ಹೊಲಕ್ಕೂ ಬೇರೆ ಬೇರೆ ನ್ಯಾಯವೇ?

ಮೊದಲನೆಯದನ್ನು ಸರಕಾರ ಒಪ್ಪಲಿಲ್ಲ. ಖಾಸಗಿ ಯೋಜನೆಗೆ ಶೇ. 80, ಸರಕಾರ–ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇ. 70 ಕುಟುಂಬಗಳ ಸಮ್ಮತಿ ಬೇಕೆಂಬಲ್ಲಿಗೆ ನಿಂತಿತು. ಎರಡನೆಯದನ್ನು ಅರ್ಧ ಒಪ್ಪಿತು: 13 ಕಾಯ್ದೆಗಳು ಹೊರಗೇ ಉಳಿದರೂ, ಒಂದು ವರ್ಷದೊಳಗೆ ಪರಿಹಾರ, ಪುನರ್ವಸತಿಗಳು ಅಲ್ಲಿಗೂ ಅನ್ವಯಿಸಬೇಕೆಂದಾಯಿತು. 2014ರ ಜನವರಿ 1ರಿಂದ ಹೊಸ ಕಾಯ್ದೆ ಜಾರಿಗೆ ಬಂತು.

ಅದನ್ನು ಕೆಡಿಸಲು ಹೆಚ್ಚು ದಿನ ಹಿಡಿಯಲಿಲ್ಲ. 2014ರ ಡಿಸೆಂಬರ್ 31ರಂದು ಬಂದ ಸುಗ್ರೀವಾಜ್ಞೆ ಐದು ಬಗೆಯ ಯೋಜನೆಗಳಿಗೆ ಸಮ್ಮತಿಯೂ ಬೇಡ, ಸಾಮಾಜಿಕ ಪರಿಣಾಮದ ಅಧ್ಯಯನವೂ ಬೇಡ ಎಂದಿತು. ತಿದ್ದುಪಡಿ ಮಸೂದೆ 2015ರ ಮೇ ತಿಂಗಳಲ್ಲಿ ಎಸ್. ಎಸ್. ಅಹ್ಲುವಾಲಿಯಾ ಅವರ ಅಧ್ಯಕ್ಷತೆಯ 30 ಸದಸ್ಯರ ಜಂಟಿ ಸಮಿತಿಗೆ ಹೋಯಿತು. ಅಲ್ಲಿ ಸಾಕ್ಷ್ಯ ಹೇಳಿದವರಲ್ಲಿ ಹೆಚ್ಚಿನವರದು ವಿರೋಧವೇ. ಕೊನೆಗೆ ಆ ಆಗಸ್ಟಿನಲ್ಲಿ ಆಳುವ ಪಕ್ಷದ ಸದಸ್ಯರೇ ಸಮ್ಮತಿಯನ್ನೂ ಅಧ್ಯಯನವನ್ನೂ ಮರಳಿ ಸೇರಿಸುವ ತಿದ್ದುಪಡಿಗಳನ್ನು ಕೊಟ್ಟರು! ಸುಗ್ರೀವಾಜ್ಞೆಯನ್ನು ಆಗಸ್ಟ್ 31ಕ್ಕೆ ತೀರಿಹೋಗಲು ಬಿಟ್ಟರು. ಸದನದಲ್ಲಿ ಬಹುಮತವಿದ್ದದ್ದು ಕೋಣೆಯಲ್ಲಿ ಕರಗಿತು.

ಇದನ್ನು ಕೇಳಿ ಮೇಷ್ಟರು ತಲೆದೂಗಿದರು. ಆದರೆ ಅವರನ್ನು ಹುಸಿ ಸಮಾಧಾನದಲ್ಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಸಂಸತ್ತಿನಲ್ಲಿ ನಿಂತುಹೋದ ವಿನಾಯಿತಿಗಳನ್ನು ಕೆಲವು ರಾಜ್ಯಗಳು ತಮ್ಮ ತಿದ್ದುಪಡಿಗಳಿಂದ ತಂದುಕೊಂಡವು. ಕರ್ನಾಟಕವೂ 2019ರಲ್ಲಿ ತನ್ನದನ್ನು ಮಾಡಿಕೊಂಡಿತು. ಸಮಿತಿಗಳಿಗೆ ಮಸೂದೆ ಕಳುಹಿಸುವ ಅಭ್ಯಾಸವೂ ಕ್ಷೀಣಿಸಿತು. 2009–14ರ ಲೋಕಸಭೆಯ ಕಾಲದಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಯ ಕಣ್ಣಿಗೆ ಬಿದ್ದರೆ, 2019–24ರಲ್ಲಿ ಶೇ. 16 ಮಾತ್ರ. ಕಾಳು ಕೇರುವ ಮೊರವನ್ನು ಅಟ್ಟಕ್ಕೆ ಹಾಕಿದರೆ ಕಲ್ಲು ಸಿಗುವುದು ಉಣ್ಣುವವನ ಹಲ್ಲಿಗೇ ತಾನೆ?

“ಅದಿರಲ್ರಿ. ನಮಗ ಏನೈತಿ ಅದರಾಗ?” ಎಂದರು.

ಇದೆ ಎಂದೆ. ಸರಕಾರವೇ ಕಟ್ಟುವ ಅಣೆಕಟ್ಟಿಗೆ ಸಮ್ಮತಿ ಕೇಳಬೇಕಾಗಿಲ್ಲ, ಅದು ಕೊರತೆಯೇ. ಆದರೆ 38ನೆಯ ಕಲಮು ನೀರಾವರಿ ಯೋಜನೆಗಳಿಗೆಂದೇ ಒಂದು ಮಾತನ್ನು ಹೇಳುತ್ತದೆ: ನೀರು ಬರುವ ಆರು ತಿಂಗಳ ಮೊದಲೇ ಪುನರ್ವಸತಿ ಮುಗಿದಿರಬೇಕು. ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನವೂ ಉಂಟು. ಮೂರನೆಯ ಹಂತದ ಮುಳುಗಡೆಯ ಸುಮಾರು 75,000 ಎಕರೆಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ನಿಶ್ಚಯಿಸಿದ್ದು ಅವರಿಗೆ ಆಗಲೇ ಗೊತ್ತಿತ್ತು.

“ಎರಡನೇ ಸಲ ಎಬ್ಬಿಸಿದರ?”

ಅದಕ್ಕೂ ಒಂದು ಕಲಮು ಇದೆ, 39ನೆಯದು. ಒಮ್ಮೆ ಒಕ್ಕಲೆದ್ದ ಕುಟುಂಬವನ್ನು ಸಾಧ್ಯವಾದಷ್ಟು ಮತ್ತೆ ಎಬ್ಬಿಸಕೂಡದು. ಎಬ್ಬಿಸಿದರೆ ಪರಿಹಾರದಷ್ಟೇ ಇನ್ನೊಂದು ಪರಿಹಾರ ಕೊಡಬೇಕು. ಮೇಷ್ಟರ ಮುಖ ಅರಳಿತು. ಆದರೆ ಅದೇ ವಾಕ್ಯದೊಳಗೆ ಮೂರು ಪದಗಳು ಅಡಗಿವೆ: ಮೊದಲು ಎಬ್ಬಿಸಿದ್ದು ‘ಈ ಕಾಯ್ದೆಯ ಪ್ರಕಾರ’ ಆಗಿರಬೇಕು. ಅವರನ್ನು ಎಬ್ಬಿಸಿದ್ದು ಹಳೆಯ ಕಾಯ್ದೆ. ಅಕ್ಷರಕ್ಕೆ ಅಂಟಿಕೊಂಡರೆ ಅವರ ಮೊದಲನೆಯ ಮುಳುಗಡೆ ಲೆಕ್ಕಕ್ಕೇ ಬಾರದು. ದೇಶದಲ್ಲಿ ಎರಡನೆಯ ಬಾರಿ ಮನೆ ಬಿಡುವವರಲ್ಲಿ ಹೆಚ್ಚಿನವರು ಹಳೆಯ ಕಾಯ್ದೆಯ ಕಾಲದಲ್ಲಿ ಮೊದಲ ಮನೆ ಬಿಟ್ಟವರೇ ಅಲ್ಲವೇ? ಆ ಕೋಣೆಯಲ್ಲಿ ಬಾಗಲಕೋಟೆಯ ಮುಳುಗಡೆಯವರೊಬ್ಬರು ಎದ್ದು ನಿಂತು ಈ ಮೂರು ಪದಗಳನ್ನು ತೋರಿಸಬೇಕಾಗಿತ್ತು ಎಂದು ನನಗೆ ಆ ಕ್ಷಣ ಅನ್ನಿಸಿತು.

ಮೇಷ್ಟರು ಜೇಬಿನಿಂದ ಪೆನ್ನು ತೆಗೆದು ಪತ್ರಿಕೆಯ ಅಂಚಿನಲ್ಲಿ ‘39’ ಎಂದು ಬರೆದುಕೊಂಡರು. “ಮನವಿ ಬರೀಬೇಕಾದರ ಯಾರಿಗೆ ಬರೀಬೇಕ್ರಿ?” ಎಂದರು. ಅರ್ಜಿಗಳನ್ನು ವಿಚಾರಿಸಲೆಂದೇ ಲೋಕಸಭೆಯಲ್ಲೂ ನಮ್ಮ ವಿಧಾನಸಭೆಯಲ್ಲೂ ಒಂದೊಂದು ಅರ್ಜಿಗಳ ಸಮಿತಿ ಇದೆ ಎಂದು ಹೇಳಿದೆ; ಅದನ್ನೂ ಬರೆದುಕೊಂಡರು. ಅಷ್ಟರಲ್ಲಿ ಮೊಮ್ಮಗಳು ಬಂದಳು. “ಅಜ್ಜಾ, ಹೋಗೋಣ್ರಿ, ಕತ್ತಲಾತು,” ಎಂದು ಅವರ ಕೈ ಹಿಡಿದಳು. ಇಬ್ಬರೂ ಹಿನ್ನೀರಿನ ದಾರಿಯಲ್ಲಿ ಹಳೆಯ ಊರಿನ ಕಡೆಗೆ ಇಳಿದು ಹೋದರು.