ಗಾಳಿಯ ಲೆಕ್ಕ

ಅಪ್ಪ ಆ ಕಾರನ್ನು ಕೊಂಡದ್ದು 1990ರಲ್ಲಿ. ಜಪಾನಿನ ಮಜ್ದಾ ಕಂಪನಿಯ ಮಿಯಾಟಾ. ಎರಡೇ ಸೀಟು, ಮಡಿಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಚಾವಣಿ, 1.6 ಲೀಟರಿನ ಪುಟ್ಟ ಎಂಜಿನು, 116 ಅಶ್ವಶಕ್ತಿ. ಅಮೆರಿಕದ ರಸ್ತೆಗಳಲ್ಲಿ ಓಡುವ ದೈತ್ಯ ಕಾರುಗಳ ನಡುವೆ ಅದು ಆಟಿಗೆಯೇ ಸರಿ. ಆದರೂ ಅಪ್ಪನಿಗೆ ಅದರ ಮೇಲೆ ವಿಪರೀತ ಅಕ್ಕರೆ. ಪೆಟ್ರೋಲು ಹಾಕಿಸಿದಾಗಲೆಲ್ಲ ಎಷ್ಟು ಗ್ಯಾಲನ್ ಹಿಡಿಯಿತು, ಎಷ್ಟು ಮೈಲಿ ಓಡಿತ್ತು ಎಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. 1998ರಲ್ಲಿ ಮಗನಿಗೆ ಹದಿನೆಂಟು ತುಂಬಿದಾಗ ಬೀಗದ ಕೈಯ ಜೊತೆಗೆ ಆ ನೋಟ್‌ಬುಕ್ಕನ್ನೂ ಕೊಟ್ಟ.

ಮಗ ಮೊದಲ ತಿಂಗಳಿಡೀ ಲೆಕ್ಕ ಬರೆದ. ಎರಡನೆಯ ತಿಂಗಳು ಮರೆತ. ಮೂರನೆಯ ತಿಂಗಳು ಗುಜರಿಯಿಂದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಹೊತ್ತು ತಂದ. ಅದೇ ಮಜ್ದಾ ಕಂಪನಿಯ ಆರ್‌ಎಕ್ಸ್-7 ಎಂಬ ದೊಡ್ಡ ಸ್ಪೋರ್ಟ್ಸ್ ಕಾರಿನ ಗಾಳಿಮಾಪಕ ಅದು. ಬಾಯಿ ಹಳೆಯದಕ್ಕಿಂತ ಅಗಲ. 'ಎಂಜಿನಿಗೆ ಉಸಿರಾಡಲು ಜಾಗ ಸಾಲದು. ಇದನ್ನು ಹಾಕಿದರೆ ಶಕ್ತಿ ಹೆಚ್ಚುತ್ತದೆ' ಎಂದು ಸ್ನೇಹಿತರು ಹೇಳಿದ್ದರಂತೆ.

ಅಪ್ಪ ಒಂದೇ ಪ್ರಶ್ನೆ ಕೇಳಿದ: 'ಅಳೆಯುವ ಸಾಧನವನ್ನು ಬದಲಿಸಿದರೆ ಅಳತೆ ಬದಲಾಗುವುದಿಲ್ಲವೇ?' ಮಗನ ಬಳಿ ಉತ್ತರವಿರಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇತ್ತು.

ಈ ಗಾಳಿಮಾಪಕದ ಒಳಗುಟ್ಟು ಬಹಳ ಸರಳ. ಎಂಜಿನು ಎಳೆದುಕೊಳ್ಳುವ ಗಾಳಿಯ ದಾರಿಯಲ್ಲಿ ಬಾಗಿಲಿನಂಥ ಒಂದು ರೆಕ್ಕೆ. ಅದನ್ನು ಮುಚ್ಚಲು ಎಳೆಯುವ ಸುರುಳಿ ಸ್ಪ್ರಿಂಗು. ಗಾಳಿ ಜೋರಾದಷ್ಟೂ ರೆಕ್ಕೆ ಹೆಚ್ಚು ತೆರೆಯುತ್ತದೆ. ರೆಕ್ಕೆಯ ಅಕ್ಷಕ್ಕೆ ಅಂಟಿದ ಲೋಹದ ಬೆರಳು ಇಂಗಾಲದ ಪಟ್ಟಿಯ ಮೇಲೆ ಜಾರುತ್ತದೆ. ಹಳೆಯ ರೇಡಿಯೋದ ಧ್ವನಿಗುಂಡಿಯಲ್ಲಿ ಇರುವುದೂ ಇಂಥದೇ ಏರ್ಪಾಟು. ಅಲ್ಲಿಂದ ಬರುವ ವೋಲ್ಟೇಜನ್ನು ನೋಡಿ ಕಾರಿನ ಕಂಪ್ಯೂಟರು 'ಇಷ್ಟು ಗಾಳಿ ಬಂತು, ಇಷ್ಟು ಪೆಟ್ರೋಲು ಸಿಂಪಡಿಸು' ಎಂದು ಅಪ್ಪಣೆ ಕೊಡುತ್ತದೆ. ಈ ತತ್ತ್ವವನ್ನು 1973ರ ಹೊತ್ತಿಗೆ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬಾಷ್ ಕಂಪನಿ, ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಬಹುಕಾಲ 'ಮೈಕೋ' ಎಂದೇ ಹೆಸರಾಗಿದ್ದ ಕಾರ್ಖಾನೆಯ ಮಾತೃಸಂಸ್ಥೆ. ಅವರ ವ್ಯವಸ್ಥೆಯ ಹೆಸರು ಎಲ್-ಜೆಟ್ರಾನಿಕ್. 'ಎಲ್' ಎಂದರೆ ಲುಫ್ಟ್, ಜರ್ಮನ್ ಭಾಷೆಯಲ್ಲಿ ಗಾಳಿ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ನಾಲ್ಕು ಹೊಡೆತದ 1.6 ಲೀಟರಿನ ಎಂಜಿನು ಎರಡು ಸುತ್ತಿಗೊಮ್ಮೆ 1.6 ಲೀಟರು ಗಾಳಿ ಎಳೆಯುತ್ತದೆ ಎಂದುಕೊಳ್ಳೋಣ. ನಿಮಿಷಕ್ಕೆ 6500 ಸುತ್ತಿನಲ್ಲಿ ಅದು 5200 ಲೀಟರು, ಸೆಕೆಂಡಿಗೆ ಸುಮಾರು 87 ಲೀಟರು. ಲೀಟರಿಗೆ 1.2 ಗ್ರಾಂ ತೂಕವೆಂದರೆ 104 ಗ್ರಾಂ ಗಾಳಿ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅಂದರೆ ಸೆಕೆಂಡಿಗೆ 7 ಗ್ರಾಂ ಪೆಟ್ರೋಲು. ಪೂರ್ಣ ಶಕ್ತಿ ಬೇಕಾದಾಗ ಇನ್ನೂ ಒಂದಿಷ್ಟು ಹೆಚ್ಚೇ ಕೊಡಬೇಕು, 8 ಗ್ರಾಮಿನಷ್ಟು. ಉರಿಯದೆ ಉಳಿದ ಪೆಟ್ರೋಲು ಆವಿಯಾಗಿ ಒಳಗಿನ ಬೇಗೆಯನ್ನು ತುಸು ತಣಿಸುತ್ತದೆ.

ಈಗ ಅಗಲ ಬಾಯಿಯ ಮಾಪಕದ ಕಥೆ. ಅಷ್ಟೇ ಗಾಳಿ, ದಾರಿ ಮಾತ್ರ ದೊಡ್ಡದು. ಹಾಗಾಗಿ ರೆಕ್ಕೆ ಕಡಿಮೆ ತೆರೆಯುತ್ತದೆ. ಕಂಪ್ಯೂಟರಿಗೆ ಬಾಯಿ ಅಗಲವಾದ ಸುದ್ದಿ ಯಾರು ಹೇಳಬೇಕು? ಗಾಳಿಯೇ ಕಡಿಮೆ ಬಂತೆಂದು ನಂಬಿ ಪೆಟ್ರೋಲು ಕಡಿತ ಮಾಡುತ್ತದೆ.

ಮಗ ಒಂದು ಶನಿವಾರವಿಡೀ ಕೂತು, ತಗಡಿನ ಪಟ್ಟಿ ಕತ್ತರಿಸಿ, ರಬ್ಬರ್ ಕೊಳವೆಯನ್ನು ಹೇಗೋ ಹೊಂದಿಸಿ, ಪೆಟ್ಟಿಗೆಯನ್ನು ಕೂರಿಸಿದ. ಎಂಜಿನು ಒಮ್ಮೆಗೇ ಹೊತ್ತಿಕೊಂಡಿತು. ಊರೊಳಗೆ ಎರಡು ಸುತ್ತು ಹಾಕಿದಾಗಲೂ ತೊಂದರೆಯೇನೂ ಕಾಣಲಿಲ್ಲ. ಅಪಾಯ ಇದ್ದದ್ದು ಇಲ್ಲೇ. ನಿಧಾನವಾಗಿ ಓಡುವಾಗ ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ 'ಪೆಟ್ರೋಲು ಸಾಲದು' ಎಂದು ಚಾಡಿ ಹೇಳುತ್ತದೆ, ಕಂಪ್ಯೂಟರು ತಿದ್ದಿಕೊಳ್ಳುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ಕಂಪ್ಯೂಟರು ಆ ಚಾಡಿಗೆ ಕಿವಿಗೊಡುವುದಿಲ್ಲ. ಗಾಳಿಮಾಪಕ ಹೇಳಿದ್ದೇ ವೇದವಾಕ್ಯ.

ಭಾನುವಾರ ಬೆಳಿಗ್ಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗ ಗುಡ್ಡದ ರಸ್ತೆ ಹತ್ತಿಸಿದ. ಅರ್ಧ ಏರಿನಲ್ಲಿ ಪೆಡಲು ಒತ್ತಿದ. ಎಂಜಿನಿನಿಂದ ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದಂಥ ಶಬ್ದ. 'ಕಾಲು ತೆಗಿ!' ಎಂದು ಅಪ್ಪ ಕೂಗಿದ. ಎಂಟು ವರ್ಷದಲ್ಲಿ ಆ ಕಾರಿನೊಳಗೆ ಅವನು ದನಿ ಏರಿಸಿದ್ದು ಅದೇ ಮೊದಲು. ಪೆಟ್ರೋಲು ಕಡಿಮೆಯಾಗಿ ಒಳಗೆ ಬೇಗೆ ಏರಿ, ಮಿಶ್ರಣದ ಒಂದು ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುತ್ತಿತ್ತು. ಇನ್ನೊಂದಷ್ಟು ದೂರ ಹಾಗೇ ಓಡಿಸಿದ್ದರೆ ಪಿಸ್ಟನ್ನಿನ ತಲೆಯೇ ಕರಗಬಹುದಿತ್ತು.

ಮನೆಗೆ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಹೊಸ ಪೆಟ್ಟಿಗೆಯನ್ನು ಅಪ್ಪ ಕಿತ್ತು ಎಸೆಯುತ್ತಾನೆ ಎಂದೇ ಮಗ ತಿಳಿದಿದ್ದ. ಅಪ್ಪ ಒಳಗಿನಿಂದ ವೋಲ್ಟ್‌ಮೀಟರು ತಂದ.

ಮಾಪಕದ ಕಪ್ಪು ಮುಚ್ಚಳ ತೆಗೆದರೆ ಸ್ಪ್ರಿಂಗು ಹಲ್ಲಿನ ಚಕ್ರವೊಂದಕ್ಕೆ ಬಿಗಿದಿರುವುದು ಕಾಣುತ್ತದೆ. ಚಕ್ರವನ್ನು ಸಡಿಲಿಸಿದರೆ ರೆಕ್ಕೆ ಹೆಚ್ಚು ತೆರೆಯುತ್ತದೆ, ಪೆಟ್ರೋಲೂ ಹೆಚ್ಚುತ್ತದೆ. ಮಗ ಸೀದಾ ಚಕ್ರಕ್ಕೆ ಕೈ ಹಾಕಿದ. ಅಪ್ಪ ತಡೆದು, ಮೊದಲು ಇದ್ದ ಹಲ್ಲಿನ ಮೇಲೆ ಬಿಳಿ ಬಣ್ಣದ ಚುಕ್ಕೆ ಇಡಿಸಿದ. ಎಡವಿದರೆ ಹಿಂತಿರುಗಲು ದಾರಿ ಗೊತ್ತಿರಬೇಕಲ್ಲ!

ಆಮೇಲೆ ಒಂದೊಂದೇ ಹಲ್ಲು. ಸಂವೇದಕದ ತಂತಿಗೆ ವೋಲ್ಟ್‌ಮೀಟರು ಕಟ್ಟಿ, ಗುಡ್ಡ ಹತ್ತಿ, ಕ್ಷಣಮಾತ್ರ ಪೆಡಲು ಒತ್ತಿ, ಅಪ್ಪ ಓದು ಬರೆದುಕೊಂಡ. 0.1 ವೋಲ್ಟಿನ ಆಸುಪಾಸು ಎಂದರೆ ಪೆಟ್ರೋಲು ಕೊರತೆ, 0.9ರ ಹತ್ತಿರ ಎಂದರೆ ಧಾರಾಳ. ಈ ಸಂವೇದಕ ಯಾವ ಕಡೆ ಇದ್ದೇವೆ ಎಂದಷ್ಟೇ ಹೇಳುತ್ತದೆ, ಎಷ್ಟು ದೂರ ಎಂದು ಸರಿಯಾಗಿ ಹೇಳದು. ಅದಕ್ಕೇ ಅಪ್ಪ ಧಾರಾಳದ ಕಡೆಗೆ ಒಂದು ಹಲ್ಲು ಹೆಚ್ಚಿಗೆ ಬಿಡಿಸಿದ. ಏಳನೆಯ ಹಲ್ಲಿಗೆ ನಿಲ್ಲಿಸಿದರು. ಗೋಲಿಯ ಶಬ್ದ ಹೋಗಿತ್ತು.

ಕಾರು ಚುರುಕಾಯಿತೇ? ಮಗ ಆಯಿತೆಂದ. ಅಪ್ಪ ಸ್ಟಾಪ್‌ವಾಚ್ ತೆಗೆದ. ಹೆದ್ದಾರಿಯ ಒಂದೇ ತುಂಡಿನಲ್ಲಿ, ಮೂರನೆಯ ಗೇರಿನಲ್ಲಿ ಹಳೆಯ ಮಾಪಕದೊಂದಿಗೆ ಐದು ಸಲ, ಹೊಸದರೊಂದಿಗೆ ಐದು ಸಲ. ಒಂದೇ ಮಾಪಕದ ಐದು ಓದುಗಳ ನಡುವೆ ಇದ್ದ ವ್ಯತ್ಯಾಸ ಎರಡು ಮಾಪಕಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಅದರಲ್ಲಿ ವಿಶೇಷವೇನೂ ಇಲ್ಲ. ಗಾಳಿಯ ದಾರಿಯಲ್ಲಿ ಶೋಧಕ, ಥ್ರಾಟಲ್, ಕವಾಟ ಎಂದು ಅಡೆತಡೆಗಳು ಸಾಲಾಗಿವೆ. ಒಂದನ್ನು ಅಗಲ ಮಾಡಿದ ಮಾತ್ರಕ್ಕೆ ಉಳಿದವು ಸರಿದು ನಿಲ್ಲುತ್ತವೆಯೇ? ಮಗನಿಗೆ ತುಸು ನಿರಾಸೆಯಾಯಿತು, ಆದರೂ ಹೊಸ ಪೆಟ್ಟಿಗೆಯನ್ನು ತೆಗೆಯಲು ಒಪ್ಪಲಿಲ್ಲ. ಅಪ್ಪ ಒತ್ತಾಯಿಸಲೂ ಇಲ್ಲ.

ಆ ವಾರ ಪೆಟ್ರೋಲು ಹಾಕಿಸಿ ಬಂದ ಮಗ ನೋಟ್‌ಬುಕ್ಕು ಹುಡುಕಿ ತೆಗೆದ. ತಾರೀಖು, ಗ್ಯಾಲನ್, ಮೈಲಿ. ಪಕ್ಕದಲ್ಲಿ ಹೊಸದಾಗಿ ಗೆರೆ ಎಳೆದು ಇನ್ನೊಂದು ಕಾಲಂ: ಹಲ್ಲು, 7.