ಮಣಿಕಟ್ಟಿನ ನಾಡಿ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಅಣ್ಣನಿಗೆ ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಂ ಆಯಿತು. ಚಳ್ಳಕೆರೆಯಿಂದ ಜೊತೆಗೆ ಹೋಗಿದ್ದ ನಾನು, ರಕ್ತ ಸೋರೀತೆಂಬ ಭಯದಿಂದ, ಪಟ್ಟಿಯನ್ನು ಇನ್ನಷ್ಟು ಬಿಗಿಯಲು ಕೋರಿದೆ. ದಾದಿ ಒಪ್ಪಲಿಲ್ಲ. ಅತಿಯಾಗಿ ಬಿಗಿದರೆ, ಬಹಳ ಹೊತ್ತು ಒತ್ತಿದರೆ ಧಮನಿಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚಿಹೋಗಬಹುದೆಂದು ತಿಳಿಸಿದರು. ಅಣ್ಣ ನಕ್ಕು, “ಮಗ್ಗದ ಹಾಸೂ ಹಾಗೆಯೇ, ಮಿತಿಮೀರಿ ಬಿಗಿದರೆ ಎಳೆ ತುಂಡಾಗುತ್ತದೆ” ಎಂದ.

ಇನ್ನೊಂದು ಧಮನಿಯೂ ಕೈಗೆ ರಕ್ತ ಒದಗಿಸುವುದರಿಂದ, ಒಂದು ಮುಚ್ಚಿದರೂ ಅನೇಕರಿಗೆ ತಿಳಿಯುವುದೇ ಇಲ್ಲ. ಆದರೆ ಮುಂದೆ ಮತ್ತೊಮ್ಮೆ ಚಿಕಿತ್ಸೆ ಬೇಕಾದಾಗ ಆ ಮಾರ್ಗ ದೊರೆಯದೆ ಹೋಗಬಹುದು. ಆದಕಾರಣವೇ ವೈದ್ಯರು ಸಣ್ಣ ನಳಿಕೆಯನ್ನೂ ಹೆಪಾರಿನ್ ಮದ್ದನ್ನೂ ಬಳಸಿ, ನಾಡಿಯ ಹರಿವು ಉಳಿಯುವಷ್ಟೇ ಒತ್ತಡವಿಡುತ್ತಾರೆ.

ಪಟ್ಟಿಯನ್ನು ನೀವಾಗಿ ಬಿಗಿಯಲೂ ಬೇಡಿ, ಸಡಿಲಿಸಲೂ ಬೇಡಿ. ಮನೆಗೆ ಹೊರಡುವ ಮುನ್ನ ಮಣಿಕಟ್ಟಿನ ಧಮನಿ ತೆರೆದಿದೆಯೇ ಎಂದು ಪರೀಕ್ಷಿಸಲು ಕೇಳಿರಿ. ಅಣ್ಣನ ಕೈ ಇಂದು ಮತ್ತೆ ಮಗ್ಗದ ಮೇಲಿದೆ.